ಸಾಕ್ಷಿ ನುಡಿದ ದನಿ: ಜಾನ್ ಆರ್ಲಟ್ ಮತ್ತು ರೇಡಿಯೊ ಕ್ರಿಕೆಟ್

1946ರ ಮೇ ತಿಂಗಳ ಮೊದಲ ವಾರ. ಯೂರೋಪಿನಲ್ಲಿ ಯುದ್ಧ ಮುಗಿದು ವರ್ಷವಾಗುತ್ತ ಬಂದಿದ್ದರೂ ಇಂಗ್ಲೆಂಡಿನ ಜನ ಊಟಕ್ಕೂ ಬಟ್ಟೆಗೂ ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ವೂಸ್ಟರ್ ಪಟ್ಟಣದ ಸೆವರ್ನ್ ನದಿಯ ದಂಡೆಯ ಮೈದಾನದಲ್ಲಿ ಭಾರತ ತಂಡ ತನ್ನ ಇಂಗ್ಲೆಂಡ್ ಪ್ರವಾಸದ ಮೊದಲ ಪಂದ್ಯಕ್ಕೆ ಇಳಿಯಿತು. ನಾಯಕ ಹಿರಿಯ ಪಟೌಡಿ. 1932ರಲ್ಲಿ ಇಂಗ್ಲೆಂಡ್ ಪರ ಆಡಿ, ಸಿಡ್ನಿಯಲ್ಲಿ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದಿದ್ದ ನವಾಬ ಈಗ ಭಾರತದ ನಾಯಕನಾಗಿ ಬಂದಿದ್ದರು. ಜೊತೆಗೆ ವಿಜಯ್ ಮರ್ಚೆಂಟ್, ವಿಜಯ್ ಹಜಾರೆ, ವಿನೂ ಮಂಕಡ್, ಲಾಲಾ ಅಮರನಾಥ್, ಮುಷ್ತಾಕ್ ಅಲಿ. ಅಬ್ದುಲ್ ಹಫೀಜ್ ಎಂಬ ಯುವಕನೂ ಇದ್ದ. ಮುಂದೆ ಅವನೇ ಹಫೀಜ್ ಕಾರ್ದಾರ್ ಎಂಬ ಹೆಸರಿನಲ್ಲಿ ಪಾಕಿಸ್ತಾನದ ಮೊದಲ ಟೆಸ್ಟ್ ನಾಯಕನಾದ. ಅದೇ ವಾರ ಇತ್ತ ಶಿಮ್ಲಾದಲ್ಲಿ ಕಾಂಗ್ರೆಸ್ ಮತ್ತು ಮುಸ್ಲಿಂ ಲೀಗ್ ನಾಯಕರನ್ನು ಕೂರಿಸಿಕೊಂಡು ಬ್ರಿಟಿಷ್ ಸಂಪುಟದ ನಿಯೋಗ ದೇಶದ ಭವಿಷ್ಯದ ಲೆಕ್ಕ ಹಾಕುತ್ತಿತ್ತು. ಅವಿಭಜಿತ ಭಾರತ ಹೊರದೇಶಕ್ಕೆ ಕಳಿಸಿದ ಕೊನೆಯ ಟೆಸ್ಟ್ ತಂಡ ಇದೇ.

ಆ ಪಂದ್ಯದ ವಿವರ ಹೇಳಲು ಬಿಬಿಸಿಯ ಮೈಕಿನ ಮುಂದೆ ಕೂತವರು 32 ವರ್ಷದ ಜಾನ್ ಆರ್ಲಟ್. ಹಿಂದಿನ ವರ್ಷದವರೆಗೂ ಅವರು ಪೊಲೀಸ್ ಸಾರ್ಜೆಂಟ್. ಕ್ರಿಕೆಟ್ಟಿನ ವೀಕ್ಷಕ ವಿವರಣೆಯನ್ನು ಅದುವರೆಗೆ ಒಮ್ಮೆಯೂ ಮಾಡಿದವರಲ್ಲ. ಅವರ ಕೇಳುಗರು ಇಂಗ್ಲೆಂಡಿನವರೂ ಅಲ್ಲ; ಸಾವಿರಾರು ಮೈಲಿ ಈಚೆ, ಭಾರತದಲ್ಲಿ ಶಾರ್ಟ್‌ವೇವ್ ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದ ಜನ. ಮುಂದಿನ 34 ವರ್ಷ ಕ್ರಿಕೆಟ್ ಲೋಕವೆಲ್ಲ ಕೇಳಲಿದ್ದ ದನಿ ಹೀಗೆ ನಮ್ಮವರಿಗಾಗಿ ಬಾಯಿ ತೆರೆಯಿತು.

ಆರ್ಲಟ್ ಹುಟ್ಟಿದ್ದು 1914ರ ಫೆಬ್ರವರಿ 25ರಂದು, ಹ್ಯಾಂಪ್‌ಶೈರ್ ಸೀಮೆಯ ಬೇಸಿಂಗ್‌ಸ್ಟೋಕ್ ಊರಿನ ಸ್ಮಶಾನಕ್ಕೆ ಸೇರಿದ ಮನೆಯಲ್ಲಿ. ತಂದೆಗೆ ಆ ಸ್ಮಶಾನವನ್ನು ನೋಡಿಕೊಳ್ಳುವ ಕೆಲಸ. ಹುಡುಗನಿಗೆ ಕ್ರಿಕೆಟ್ಟಿನ ಹುಚ್ಚು. 12ನೇ ವಯಸ್ಸಿನಲ್ಲಿ, 1926ರಲ್ಲಿ, ಲಂಡನ್ನಿನ ಓವಲ್ ಮೈದಾನದಲ್ಲಿ ಜಾಕ್ ಹಾಬ್ಸ್ ಆಟ ಕಂಡ ಮೇಲೆ ಹಾಬ್ಸ್ ಅವನ ಪಾಲಿಗೆ ಸಾಯುವವರೆಗಿನ ಆರಾಧ್ಯ ದೈವ. ಓದು ಹೆಚ್ಚು ಮುಂದುವರಿಯಲಿಲ್ಲ. ಮಾನಸಿಕ ಆಸ್ಪತ್ರೆಯೊಂದರಲ್ಲಿ ಗುಮಾಸ್ತನಾಗಿದ್ದು, 1934ರಲ್ಲಿ ಸೌತಾಂಪ್ಟನ್ ನಗರದ ಪೊಲೀಸ್ ಪಡೆಗೆ ಸೇರಿದರು. ಬಂದರಿನ ಬೀದಿಗಳಲ್ಲಿ ರಾತ್ರಿ ಗಸ್ತು, ಬಿಡುವಿನಲ್ಲಿ ಕವಿತೆಯ ಓದು, ರಜೆಯಲ್ಲಿ ಹ್ಯಾಂಪ್‌ಶೈರ್ ಕ್ರಿಕೆಟ್ ತಂಡದ ಬೆನ್ನು ಹತ್ತಿ ತಿರುಗಾಟ. 1938ರಲ್ಲಿ ತಂಡಕ್ಕೆ ಜನ ಸಾಲದೆ ಬಂದಾಗ ವೂಸ್ಟರಿನಲ್ಲೇ ಬದಲಿ ಆಟಗಾರನಾಗಿ ಫೀಲ್ಡಿಂಗಿಗೂ ನಿಂತರು. ಆಟಗಾರನಾಗಿ ಅವರ ದೊಡ್ಡ ಸಾಧನೆ ಅಷ್ಟೇ.

ಪೊಲೀಸ್ ನೌಕರಿ ಅವರಿಗೆ ಒಂದು ಶಿಸ್ತು ಕಲಿಸಿತು. ಕೋರ್ಟಿನ ಕಟಕಟೆಯಲ್ಲಿ ನಿಂತ ಪೇದೆ ಕಂಡದ್ದನ್ನಷ್ಟೇ ಹೇಳಬೇಕು. ಎಷ್ಟು ಹೊತ್ತಿಗೆ, ಯಾರು, ಯಾವ ಕಡೆಯಿಂದ ಬಂದರು, ಮೈಮೇಲೆ ಏನಿತ್ತು, ಏನು ಮಾಡಿದರು ಎಂಬುದೆಲ್ಲ ಸಾಲಾಗಿ ಬರಬೇಕು. ಒಂದು ಮಾತು ಹೆಚ್ಚಾದರೂ ಎದುರು ಪಕ್ಷದ ವಕೀಲರು ಬಿಡುವುದಿಲ್ಲ. ಕವಿತೆ ಕಲಿಸಿದ್ದು ಇನ್ನೊಂದು ಶಿಸ್ತು: ಕಂಡದ್ದಕ್ಕೆ ಸರಿಯಾದ ಒಂದೇ ಪದ ಹುಡುಕುವುದು. ಯುದ್ಧದ ವರ್ಷಗಳಲ್ಲಿ ಅವರ ಕವಿತೆಗಳು ಪತ್ರಿಕೆಗಳಲ್ಲಿ ಅಚ್ಚಾದವು. 1944ರಲ್ಲಿ ಸಂಕಲನವೂ ಬಂತು. ಕವಿತೆ ಬರೆಯುವ ಪೊಲೀಸಪ್ಪ ಎಂದು ಹೆಸರಾದ ಅವರ ಮೇಲೆ ಕವಿ ಜಾನ್ ಬೆಜಮನ್ ಕಣ್ಣು ಬಿತ್ತು. ಅವರ ನೆರವಿನಿಂದ ಬಿಬಿಸಿಯ ಬಾಗಿಲು ತೆರೆಯಿತು.

1945ರಲ್ಲಿ ಆರ್ಲಟ್ ಸೇರಿದ್ದು ಬಿಬಿಸಿಯ ಪೂರ್ವ ದೇಶಗಳ ಪ್ರಸಾರ ವಿಭಾಗಕ್ಕೆ. ಕ್ರೀಡೆಗೂ ಈ ವಿಭಾಗಕ್ಕೂ ಸಂಬಂಧವಿರಲಿಲ್ಲ. ಯುದ್ಧಕಾಲದಲ್ಲಿ ಭಾರತದ ವಿದ್ಯಾವಂತರನ್ನು ತನ್ನತ್ತ ಒಲಿಸಿಕೊಳ್ಳಲು ಬ್ರಿಟನ್ ಕಟ್ಟಿದ ವಿಭಾಗವದು. 1941ರಿಂದ 1943ರವರೆಗೆ ಜಾರ್ಜ್ ಆರ್ವೆಲ್ ಅಲ್ಲಿದ್ದು ಭಾರತಕ್ಕಾಗಿ ಭಾಷಣ ಕಾರ್ಯಕ್ರಮಗಳನ್ನು ರೂಪಿಸಿದ್ದರು. ಇ. ಎಂ. ಫಾರ್ಸ್ಟರ್ ಭಾರತದ ಕೇಳುಗರಿಗೆ ಹೊಸ ಪುಸ್ತಕಗಳ ಪರಿಚಯ ಮಾಡುತ್ತಿದ್ದರು. ಆರ್ಲಟ್ ಪಾಲಿಗೆ ಬಂದದ್ದು ಇಂಗ್ಲಿಷ್ ಕಾವ್ಯದ ಕಾರ್ಯಕ್ರಮ. ಕವಿತೆ ಓದಲು ಅವರು ಮತ್ತೆ ಮತ್ತೆ ಕರೆಸುತ್ತಿದ್ದವರು ಡಿಲನ್ ಥಾಮಸ್. ಆ ಗೆಳೆತನ ಥಾಮಸ್ ತೀರಿಕೊಂಡ 1953ರವರೆಗೂ ಉಳಿಯಿತು.

1946ರಲ್ಲಿ ಭಾರತ ತಂಡ ಬರುತ್ತದೆ ಎಂದಾದಾಗ, ಭಾರತದ ಕೇಳುಗರಿಗೆ ದಿನದ ಆಟದ ವರದಿ ಮುಟ್ಟಿಸಲು ಯಾರಾದರೂ ಬೇಕಾಯಿತು. ಕ್ರಿಕೆಟ್ ಬಲ್ಲ ಮನುಷ್ಯ ಕಾವ್ಯ ವಿಭಾಗದಲ್ಲೇ ಕೂತಿದ್ದಾನೆ ಎಂಬುದು ವಿಭಾಗದ ಮುಖ್ಯಸ್ಥ ಡೊನಾಲ್ಡ್ ಸ್ಟೀಫನ್‌ಸನ್ ಅವರಿಗೆ ತಿಳಿದಿತ್ತು. ಮೊದಲ ಎರಡು ಪಂದ್ಯಗಳಿಗೆ ಕಳಿಸಿ ನೋಡಿದರು. ಭಾರತದಿಂದ ಮೆಚ್ಚುಗೆ ಬಂತು. ಇದೇ ಮನುಷ್ಯ ಮುಂದುವರಿಯಲಿ ಎಂದಾಯಿತು. ಆರ್ಲಟ್ ಬೇಸಿಗೆಯುದ್ದಕ್ಕೂ ತಂಡದ ಹಿಂದೆ ಊರೂರು ಸುತ್ತಿದರು.

ಆಗಿನ ಶಾರ್ಟ್‌ವೇವ್ ಪ್ರಸಾರ ಹೇಗಿತ್ತು ಎಂಬುದನ್ನು ನೆನೆದರೆ ಅವರ ಕೆಲಸದ ಕಷ್ಟ ತಿಳಿಯುತ್ತದೆ. ಮೈದಾನದ ಮಾತು ಟೆಲಿಫೋನ್ ತಂತಿಯಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿಂದ ಶಾರ್ಟ್‌ವೇವ್ ಪ್ರಸಾರ ಕೇಂದ್ರ ಸೇರಿ, ಆಕಾಶದ ಅಯಾನುಗೋಳಕ್ಕೆ ತಾಗಿ ಪುಟಿದು ಭಾರತಕ್ಕೆ ಇಳಿಯಬೇಕು. ದಾರಿಯಲ್ಲಿ ದನಿ ಏರುತ್ತದೆ, ಇಳಿಯುತ್ತದೆ, ಗೊರಗೊರ ಸದ್ದಿನಲ್ಲಿ ಮುಳುಗುತ್ತದೆ. ಸಂಜೆ ಆರೂವರೆಗೆ ಅಲ್ಲಿ ಆಟ ಮುಗಿಯುವಾಗ ಇಲ್ಲಿ ರಾತ್ರಿ ಹನ್ನೊಂದು. ಮಧ್ಯೆ ಅರ್ಧ ವಾಕ್ಯ ಕಳೆದುಹೋದರೂ ಉಳಿದರ್ಧದಲ್ಲಿ ಚಿತ್ರ ಮೂಡಬೇಕು. ಹೀಗಾಗಿ ಆರ್ಲಟ್ ನಿಧಾನವಾಗಿ, ಬಿಡಿಸಿ ಬಿಡಿಸಿ, ಮಾತಿಗೊಂದು ತೂಕ ಕೊಟ್ಟು ಹೇಳಿದರು. ವೂಸ್ಟರನ್ನೂ ಲಾರ್ಡ್ಸನ್ನೂ ಕಂಡಿರದ ಜನಕ್ಕೆ ಮೈದಾನ, ಮೋಡ, ಬ್ಯಾಟ್ಸ್‌ಮನ್ ನಿಂತ ಭಂಗಿ ಎಲ್ಲವನ್ನೂ ಕಾಣಿಸಬೇಕಿತ್ತು. ಏನೂ ಕಾಣದ ಕೇಳುಗನನ್ನು ಎದುರಿಗಿಟ್ಟುಕೊಂಡು ಮಾತಾಡುವ ಅಭ್ಯಾಸ ಆ ಬೇಸಿಗೆಯಲ್ಲಿ ಬಿದ್ದದ್ದು, ಕೊನೆಯವರೆಗೂ ಬಿಡಲಿಲ್ಲ.

ಹೇಳುವುದಕ್ಕೆ ಆ ಪ್ರವಾಸದಲ್ಲಿ ಸರಕಿಗೇನೂ ಬರವಿರಲಿಲ್ಲ. ಮೇ ತಿಂಗಳಲ್ಲಿ ಓವಲ್ ಮೈದಾನದಲ್ಲಿ ಸರ್ರೆ ತಂಡದ ಎದುರು ಭಾರತ 9 ವಿಕೆಟ್ಟಿಗೆ 205 ರನ್ ಮಾಡಿ ಇನ್ನೇನು ಮುಗಿಯಿತು ಎನ್ನುವಾಗ 11ನೇ ಆಟಗಾರ ಶೂಟೆ ಬ್ಯಾನರ್ಜಿ ಬಂದು ಚಂದೂ ಸರ್ವಟೆ ಜೊತೆ ನಿಂತರು. ಕೊನೆಯ ಜೋಡಿ 249 ರನ್ ಕೂಡಿಸಿತು. ಸರ್ವಟೆ ಔಟಾಗದೆ 124, ಬ್ಯಾನರ್ಜಿ 121. ಹತ್ತನೆಯ ಮತ್ತು ಹನ್ನೊಂದನೆಯ ಕ್ರಮಾಂಕದವರಿಬ್ಬರೂ ಒಂದೇ ಇನಿಂಗ್ಸಿನಲ್ಲಿ ಶತಕ ಹೊಡೆದದ್ದು ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅದೊಂದೇ ಸಲ. ಲಾರ್ಡ್ಸ್ ಟೆಸ್ಟಿನಲ್ಲಿ ಅಲೆಕ್ ಬೆಡ್ಸರ್ ಮೊದಲ ಪಂದ್ಯದಲ್ಲೇ 11 ವಿಕೆಟ್ ಕಿತ್ತು ಭಾರತವನ್ನು ಸೋಲಿಸಿದರು. ಮ್ಯಾಂಚೆಸ್ಟರಿನಲ್ಲಿ ಸೋಹನಿ ಮತ್ತು ಹಿಂಡ್ಲೇಕರ್ ಕೊನೆಯ ಜೋಡಿಯಾಗಿ ಹಲ್ಲು ಕಚ್ಚಿ ನಿಂತು ಪಂದ್ಯ ಉಳಿಸಿದರು. ಓವಲ್ ಟೆಸ್ಟಿನಲ್ಲಿ 128 ಹೊಡೆದು ಆಡುತ್ತಿದ್ದ ಮರ್ಚೆಂಟ್ ರನ್‌ ಔಟಾದ ರೀತಿ ನೋಡಿ: ಆರ್ಸೆನಲ್ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಡೆನಿಸ್ ಕಾಂಪ್ಟನ್ ಚೆಂಡನ್ನು ಬಗ್ಗಿ ಎತ್ತದೆ, ಕಾಲಿನಿಂದಲೇ ಒದ್ದು ಸ್ಟಂಪಿಗೆ ಬಡಿದರು. ಸರಣಿ 1-0ಯಿಂದ ಇಂಗ್ಲೆಂಡಿನ ಪಾಲಾಯಿತು. ಆರ್ಲಟ್ ಆ ಪ್ರವಾಸದ ಕುರಿತು ಪುಸ್ತಕವನ್ನೂ ಬರೆದರು.

ಮರುವರ್ಷದಿಂದ ಇಂಗ್ಲೆಂಡಿನ ಕೇಳುಗರೂ ಅವರನ್ನು ಕೇಳತೊಡಗಿದರು. ಮೊದಮೊದಲು ಕೆಲವರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಆ ಕಾಲದ ಬಿಬಿಸಿ ದನಿಗಳೆಂದರೆ ದೊಡ್ಡ ಮನೆತನದ, ದೊಡ್ಡ ಶಾಲೆಯ ಇಂಗ್ಲಿಷ್. ಆರ್ಲಟ್ ಅವರದು ಹಳ್ಳಿಗಾಡಿನ ಹ್ಯಾಂಪ್‌ಶೈರ್ ಉಚ್ಚಾರ, ರಕಾರವನ್ನು ನಾಲಿಗೆಯಲ್ಲಿ ಉರುಳಿಸುವ ಒರಟು ಕಂಠ. ದನಿ ಒರಟಾದರೂ ತಲೆಯಲ್ಲಿ ಸರಕಿದೆ ಎಂಬ ಅರ್ಥದ ಮಾತನ್ನು ಬಿಬಿಸಿ ಅಧಿಕಾರಿಯೊಬ್ಬರು ತಮಗೆ ಹೇಳಿದ್ದನ್ನು ಅವರೇ ನಗುತ್ತ ನೆನೆಯುತ್ತಿದ್ದರು. ಉಚ್ಚಾರವನ್ನು ಅವರು ತಿದ್ದಿಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಒರಟು ದನಿಯೇ ಇಂಗ್ಲಿಷ್ ಬೇಸಿಗೆಯ ದನಿಯಾಯಿತು; ನಕಲು ಮಾಡಿ ನಗಿಸುವವರಿಗೂ ಅದೇ ಬಂಡವಾಳ.

1948ರ ಆಗಸ್ಟ್ 14ರಂದು ಓವಲ್‌ನಲ್ಲಿ ಡಾನ್ ಬ್ರಾಡ್‌ಮನ್ ಕೊನೆಯ ಟೆಸ್ಟ್ ಇನಿಂಗ್ಸಿಗೆ ಇಳಿದಾಗ ಮೈಕ್ ಇದ್ದದ್ದು ಆರ್ಲಟ್ ಕೈಯಲ್ಲಿ. ಇಂಗ್ಲೆಂಡ್ ಆಟಗಾರರು ಸುತ್ತ ನಿಂತು ಮೂರು ಸಲ ಜೈಕಾರ ಹಾಕಿದರು. ಎರಿಕ್ ಹಾಲಿಸ್ ಅವರ ಎರಡನೇ ಎಸೆತದಲ್ಲೇ ಬ್ರಾಡ್‌ಮನ್ ಬೌಲ್ಡ್, ಸೊನ್ನೆ. ನಾಲ್ಕು ರನ್ ಹೊಡೆದಿದ್ದರೆ ಸರಾಸರಿ ಸರಿಯಾಗಿ 100 ಆಗುತ್ತಿತ್ತು, 99.94ಕ್ಕೆ ನಿಂತಿತು. ಆರ್ಲಟ್ ಆ ಹೊತ್ತಿಗೆ ಕಿರುಚಲಿಲ್ಲ, ಅಂಕಿಅಂಶಕ್ಕೂ ಕೈ ಹಾಕಲಿಲ್ಲ. ಇಷ್ಟೊಂದು ಪ್ರೀತಿ ತೋರಿಸಿದ ಎದುರಾಳಿಗಳ ನಡುವೆ, ಬದುಕಿನ ದೊಡ್ಡ ಆಟಗಳಲ್ಲಿ ಕೆಲವನ್ನು ಆಡಿದ ಮೈದಾನದಲ್ಲಿ, ಕೊನೆಯ ಸಲ ನಿಂತ ಮನುಷ್ಯನಿಗೆ ಚೆಂಡು ಸ್ಪಷ್ಟವಾಗಿ ಕಂಡೀತೇ ಎಂದು ಯೋಚಿಸುತ್ತ ಮಾತಾಡಿದರು. ಔಟಾದ ಆಟಗಾರನಿಗಿಂತ ಹೆಚ್ಚಾಗಿ ಅವರು ಕಂಡದ್ದು ಮನಸ್ಸು ತುಂಬಿ ಬಂದ ಮನುಷ್ಯನನ್ನು.

1957ರಲ್ಲಿ ಬಿಬಿಸಿ ಟೆಸ್ಟ್ ಪಂದ್ಯಗಳ ಪ್ರತಿ ಎಸೆತವನ್ನೂ ಬಿತ್ತರಿಸುವ 'ಟೆಸ್ಟ್ ಮ್ಯಾಚ್ ಸ್ಪೆಷಲ್' ಆರಂಭಿಸಿತು. ದಿನವಿಡೀ ಮಾತಾಡಬೇಕಾದ ಈ ಕಾರ್ಯಕ್ರಮಕ್ಕೆ ಆರ್ಲಟ್ ಬೆನ್ನೆಲುಬಾದರು. ಅವರ ಹೋಲಿಕೆಗಳು ಇಂದಿಗೂ ಕ್ರಿಕೆಟ್ ಪ್ರಿಯರ ಬಾಯಲ್ಲಿವೆ. 1975ರ ಮೊದಲ ವಿಶ್ವಕಪ್ ಫೈನಲ್‌ನಲ್ಲಿ ಶತಕ ಹೊಡೆದ ಕ್ಲೈವ್ ಲಾಯ್ಡ್ ಚೆಂಡನ್ನು ಬೌಂಡರಿಯಾಚೆ ಅಟ್ಟಿದಾಗ, ದಾರಿಯಲ್ಲಿ ಹೋಗುವವನು ಮುಳ್ಳುಗಿಡದ ತಲೆಯನ್ನು ಊರುಗೋಲಿನಿಂದ ಹಾರಿಸಿದ ಹಾಗೆ ಎಂದರು. ಅಷ್ಟು ಸಲೀಸು, ಅಷ್ಟು ನಿರ್ಲಕ್ಷ್ಯ. ಅವರ ಮಾತಿನಲ್ಲಿ ಅಲಂಕಾರ ಕೇಳುಗನಿಗೆ ಕಾಣಿಸಲೆಂದು ಬರುತ್ತಿತ್ತು, ತನ್ನನ್ನು ಮೆರೆಸಿಕೊಳ್ಳಲೆಂದಲ್ಲ. ಏನೂ ನಡೆಯದ ಗಳಿಗೆಯಲ್ಲಿ ಸುಮ್ಮನಿರುವುದೂ ಅವರಿಗೆ ಗೊತ್ತಿತ್ತು. ಚೆಂಡು ಬ್ಯಾಟಿಗೆ ತಗುಲಿದ ಸದ್ದು, ಜನರ ಗುಜುಗುಜು ಕೇಳಲು ಬಿಟ್ಟು, ಆಮೇಲೆ ಮಾತು ಎತ್ತಿಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ಆರ್ಲಟ್ ಒಬ್ಬ ಒಳ್ಳೆಯ ಮಾತುಗಾರ ಮಾತ್ರ ಆಗುತ್ತಿದ್ದರು. ಅವರನ್ನು ಬೇರೆ ಮಾಡಿದ್ದು ದಕ್ಷಿಣ ಆಫ್ರಿಕಾ. 1948-49ರಲ್ಲಿ ಇಂಗ್ಲೆಂಡ್ ತಂಡದ ಜೊತೆ ಅವರು ಅಲ್ಲಿಗೆ ಹೋದರು. ವರ್ಣಭೇದವನ್ನೇ ಸರ್ಕಾರದ ನೀತಿ ಮಾಡಿಕೊಂಡ ನ್ಯಾಷನಲ್ ಪಾರ್ಟಿ ಅಧಿಕಾರ ಹಿಡಿದು ಆಗ ಕೆಲವೇ ತಿಂಗಳು. ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಕಪ್ಪು ಮನುಷ್ಯನೊಬ್ಬನನ್ನು ಬಿಳಿಯನೊಬ್ಬ ಕಾರಣವೇ ಇಲ್ಲದೆ ಒದ್ದು ಚರಂಡಿಗೆ ಕೆಡವಿದ್ದನ್ನು ಅವರು ಕಣ್ಣಾರೆ ಕಂಡರು. ಕಪ್ಪು ಜನರ ವಸತಿಗಳಿಗೆ ಹೋಗಿ ಅವರು ಬದುಕುವ ಬಗೆ ನೋಡಿದರು. ಅಧಿಕಾರಿಗಳು ಕೊಟ್ಟ ಫಾರ್ಮಿನಲ್ಲಿ ಜನಾಂಗ ಯಾವುದು ಎಂದು ಕೇಳಿದ ಕಡೆ 'ಮಾನವ' ಎಂದು ಬರೆದರು. ಮರಳಿದ ಮೇಲೂ ಬಾಯಿ ಮುಚ್ಚಿಕೊಳ್ಳಲಿಲ್ಲ. 1950ರಲ್ಲಿ ಬಿಬಿಸಿಯ ಚರ್ಚಾ ಕಾರ್ಯಕ್ರಮವೊಂದರಲ್ಲಿ ಆ ಸರ್ಕಾರವನ್ನು ನಾಜಿ ಸರ್ಕಾರಕ್ಕೆ ಸಮ ಮಾಡಿ ಮಾತಾಡಿದರು. ದಕ್ಷಿಣ ಆಫ್ರಿಕಾದಿಂದ ದೂರು ಬಂತು. ಆ ಕಾರ್ಯಕ್ರಮದಿಂದ ಅವರನ್ನು ಕೆಲಕಾಲ ದೂರವಿಡಲಾಯಿತು. 1955 ಮತ್ತು 1959ರ ಚುನಾವಣೆಗಳಲ್ಲಿ ಲಿಬರಲ್ ಪಕ್ಷದಿಂದ ಎಪಿಂಗ್ ಕ್ಷೇತ್ರದಲ್ಲಿ ನಿಂತು ಎರಡು ಸಲವೂ ಸೋತರು.

1958ರಲ್ಲಿ ಅವರಿಗೆ ಕೇಪ್‌ಟೌನಿನಿಂದ ಹಸಿರು ಶಾಯಿಯಲ್ಲಿ ಬರೆದ ಒಂದು ಕಾಗದ ಬಂತು. ಬರೆದವರು ಬೆಸಿಲ್ ಡಿ'ಒಲಿವೆರಾ. ಅಲ್ಲಿನ ಕಾನೂನು ಅವರನ್ನು ಮಿಶ್ರವರ್ಣದವರ ಪಟ್ಟಿಗೆ ಸೇರಿಸಿತ್ತು. ಎಷ್ಟು ಚೆನ್ನಾಗಿ ಆಡಿದರೂ ದೇಶದ ತಂಡದಲ್ಲಿ ಜಾಗವಿಲ್ಲ. ಇಂಗ್ಲೆಂಡಿನಲ್ಲಿ ಆಡಲು ಎಲ್ಲಾದರೂ ಅವಕಾಶ ಕೊಡಿಸಬಹುದೇ ಎಂದು ಅವರು ಕೇಳಿದ್ದರು. ಮುಖವನ್ನೇ ನೋಡಿರದ ಆರ್ಲಟ್‌ಗೆ ಏಕೆ ಬರೆದರು? ರೇಡಿಯೊದಲ್ಲಿ ಕೇಳಿದ ದನಿ ಮತ್ತು ಮಾತಿನಿಂದ ಈತ ಕರುಣೆಯುಳ್ಳ ಮನುಷ್ಯ ಇರಬೇಕು ಅನ್ನಿಸಿತ್ತು ಎಂದು ಡಿ'ಒಲಿವೆರಾ ಮುಂದೆ ಹೇಳಿದರು. ಪ್ರಸಾರಕನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಕ್ಕಿರಲಾರದು.

ಆರ್ಲಟ್ ಪತ್ರಕರ್ತ ಜಾನ್ ಕೇ ಮೂಲಕ ಕ್ಲಬ್ಬುಗಳ ಬಾಗಿಲು ತಟ್ಟಿದರು. 1960ರ ಋತುವಿಗೆ ಬರಬೇಕಿದ್ದ ವೆಸ್ಟ್ ಇಂಡೀಸ್‌ನ ವೆಸ್ ಹಾಲ್ ಹಿಂದೆ ಸರಿದಾಗ ಲ್ಯಾಂಕಾಶೈರಿನ ಮಿಡಲ್‌ಟನ್ ಕ್ಲಬ್ 450 ಪೌಂಡಿಗೆ ಡಿ'ಒಲಿವೆರಾ ಅವರನ್ನು ಒಪ್ಪಿತು. ಪ್ರಯಾಣದ ಖರ್ಚಿಗೆ ಕೇಪ್‌ಟೌನಿನ ಅವರ ಜನ ಚಂದಾ ಎತ್ತಿದರು. 1966ರಲ್ಲಿ ಡಿ'ಒಲಿವೆರಾ ಇಂಗ್ಲೆಂಡಿನ ಟೆಸ್ಟ್ ಆಟಗಾರರಾದರು. 1968ರ ಆಗಸ್ಟಿನಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ಎದುರು 158 ರನ್ ಹೊಡೆದರು. ಕೆಲವೇ ದಿನಗಳಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಲ್ಲಿ ಅವರ ಹೆಸರಿರಲಿಲ್ಲ. ಆ ವರ್ಷ 'ಗಾರ್ಡಿಯನ್' ಪತ್ರಿಕೆಯ ಕ್ರಿಕೆಟ್ ವರದಿಗಾರರಾಗಿದ್ದ ಆರ್ಲಟ್, ತೆರೆದ ಮನಸ್ಸಿನ ಯಾರೂ ಇದನ್ನು ಕ್ರಿಕೆಟ್ಟಿನ ಕಾರಣದಿಂದ ಆದ ಆಯ್ಕೆ ಎಂದು ನಂಬಲಾರರು ಎಂದು ಬರೆದರು. ಟಾಮ್ ಕಾರ್ಟ್‌ರೈಟ್ ಗಾಯದಿಂದ ಹಿಂದೆ ಸರಿದಾಗ ಡಿ'ಒಲಿವೆರಾಗೆ ಜಾಗ ಸಿಕ್ಕಿತು. ಈ ತಂಡ ತಮಗೆ ಬೇಡ ಎಂದು ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್‌ಸ್ಟರ್ ಘೋಷಿಸಿದರು, ಪ್ರವಾಸ ರದ್ದಾಯಿತು. ದಕ್ಷಿಣ ಆಫ್ರಿಕಾ ಕ್ರಿಕೆಟ್ ಲೋಕದಿಂದ ಹೊರಬೀಳುವ ದಾರಿ ಅಲ್ಲಿಂದ ಇಳಿಜಾರಾಯಿತು.

1970ರಲ್ಲಿ ದಕ್ಷಿಣ ಆಫ್ರಿಕಾ ತಂಡ ಇಂಗ್ಲೆಂಡಿಗೆ ಬರುವುದೆಂದು ನಿಶ್ಚಯವಾಗಿತ್ತು. ಬೀದಿಯಲ್ಲಿ ಪ್ರತಿಭಟನೆ, ಮೈದಾನಗಳ ಸುತ್ತ ಮುಳ್ಳುತಂತಿ. ಆ ಏಪ್ರಿಲಿನಲ್ಲಿ ಆರ್ಲಟ್ ತಾವು ಆ ಪಂದ್ಯಗಳ ವೀಕ್ಷಕ ವಿವರಣೆ ಮಾಡುವುದಿಲ್ಲ ಎಂದು 'ಗಾರ್ಡಿಯನ್' ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ವೀಕ್ಷಕ ವಿವರಣೆ ಸಂತೋಷದಿಂದ ಮಾಡುವ ಕೆಲಸ. ಅಲ್ಲಿ ಸಂತೋಷ ನಟಿಸುವುದು ತಮ್ಮಿಂದಾಗದು ಎಂಬುದು ಅವರ ನಿಲುವು. ಆಟಕ್ಕೆ ರಾಜಕೀಯ ಬೆರೆಸಬಾರದು ಎನ್ನುವವರ ನಡುವೆ, ಅದೂ ಆಟದಿಂದಲೇ ಅನ್ನ ತಿನ್ನುವವನು ಹೀಗೆ ಹೇಳುವುದು ಸಣ್ಣ ಮಾತಲ್ಲ. ಮೇ ತಿಂಗಳಲ್ಲಿ ಸರ್ಕಾರದ ಕೋರಿಕೆಯ ಮೇರೆಗೆ ಆ ಪ್ರವಾಸವೂ ನಿಂತಿತು.

ಮರುವರ್ಷ, 1971ರಲ್ಲಿ, ಅಜಿತ್ ವಾಡೇಕರ್ ಅವರ ಭಾರತ ತಂಡ ಇಂಗ್ಲೆಂಡಿಗೆ ಬಂತು. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಜಿ. ಆರ್. ವಿಶ್ವನಾಥ್ ಗೆಲುವಿನ ಹೊಸ್ತಿಲವರೆಗೆ ತಂಡವನ್ನು ಮುಟ್ಟಿಸಿದರು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ. ಭಾರತೀಯರಿಗಾಗಿ ಆರ್ಲಟ್ ಮೈಕ್ ಹಿಡಿದ ಬೇಸಿಗೆಗೂ ಇದಕ್ಕೂ ನಡುವೆ 25 ವರ್ಷ. ಸೋಲದಿದ್ದರೆ ಸಾಕು ಎನ್ನುತ್ತಿದ್ದ ತಂಡ ಅಷ್ಟರಲ್ಲಿ ಗೆಲ್ಲಲು ಕಲಿತಿತ್ತು.

ಅವರ ಖಾಸಗಿ ಬದುಕಿನಲ್ಲಿ ದುಃಖಕ್ಕೆ ಕೊರತೆಯಿರಲಿಲ್ಲ. 1965ರ ಹೊಸವರ್ಷದ ಹೊತ್ತಿನಲ್ಲಿ ಹಿರಿಯ ಮಗ ಕಾರು ಅಪಘಾತದಲ್ಲಿ ತೀರಿಕೊಂಡ. ಆಮೇಲೆ ಆರ್ಲಟ್ ಕಪ್ಪು ಟೈ ಬಿಟ್ಟು ಬೇರೆಯದನ್ನು ಕಟ್ಟಲಿಲ್ಲ. ದ್ರಾಕ್ಷಾರಸದ ಪ್ರೀತಿ ಮಾತ್ರ ಹೆಚ್ಚುತ್ತ ಹೋಯಿತು. ಆ ಕುರಿತು ಪತ್ರಿಕೆಗೆ ಅಂಕಣವನ್ನೂ ಬರೆದರು. ವೃತ್ತಿಪರ ಆಟಗಾರರು 1967ರಲ್ಲಿ ಕಟ್ಟಿಕೊಂಡ ಸಂಘಕ್ಕೆ 1968ರಲ್ಲಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಕಡಿಮೆ ಸಂಬಳದ, ನಾಳೆಯ ಭರವಸೆ ಇಲ್ಲದ ಆಟಗಾರರ ಪರ ಅವರು ಕೊನೆಯವರೆಗೂ ನಿಂತರು.

1980ರ ಸೆಪ್ಟೆಂಬರ್ 2, ಲಾರ್ಡ್ಸ್ ಮೈದಾನ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವಣ ಶತಮಾನೋತ್ಸವ ಟೆಸ್ಟಿನ ಕೊನೆಯ ದಿನ. ಟೆಸ್ಟ್ ಕ್ರಿಕೆಟ್ಟಿನಲ್ಲಿ ಆರ್ಲಟ್ ಅವರ ಕೊನೆಯ ಸರದಿ. ವಿದಾಯದ ಭಾಷಣವನ್ನು ಕಾದಿದ್ದವರಿಗೆ ಸಿಕ್ಕಿದ್ದು ಎಂದಿನಂತೆ ಸ್ಕೋರು, ಮುಂದೆ ಮಾತಾಡುವವರು ಟ್ರೆವರ್ ಬೇಲಿ, ಅವರ ನಂತರ ಕ್ರಿಸ್ಟೋಫರ್ ಮಾರ್ಟಿನ್-ಜೆಂಕಿನ್ಸ್ ಎಂಬ ಸೂಚನೆ, ಅಷ್ಟೇ. ಎದ್ದು ಹೊರಟರು. ಧ್ವನಿವರ್ಧಕದಲ್ಲಿ ಈ ಸುದ್ದಿ ಹೇಳಿದಾಗ ಮೈದಾನವಿಡೀ ಎದ್ದು ಚಪ್ಪಾಳೆ ತಟ್ಟಿತು. ಆಟ ನಿಲ್ಲಿಸಿ ಆಸ್ಟ್ರೇಲಿಯಾದ ಆಟಗಾರರು ತಟ್ಟಿದರು. ಬ್ಯಾಟ್ ಮಾಡುತ್ತಿದ್ದ ಜೆಫ್ರಿ ಬಾಯ್ಕಾಟ್ ಗ್ಲೌಸ್ ಕಳಚಿ ತಟ್ಟಿದರು. ಆಮೇಲೆ ಆರ್ಲಟ್ ಇಂಗ್ಲಿಷ್ ಕಾಲುವೆಯ ಆಲ್ಡರ್ನಿ ದ್ವೀಪಕ್ಕೆ ಹೋಗಿ ನೆಲೆಸಿದರು. 1991ರ ಡಿಸೆಂಬರ್ 14ರಂದು ಅಲ್ಲೇ ತೀರಿಕೊಂಡರು.

ಇಂದು ಕ್ರಿಕೆಟ್ಟಿಗೆ ಮಾತಿನ ಕೊರತೆಯಿಲ್ಲ. ಕನ್ನಡದಲ್ಲೇ ಟಿವಿ ವೀಕ್ಷಕ ವಿವರಣೆ ಕೇಳುವ ಭಾಗ್ಯ ನಮ್ಮದು. ಪರದೆಯಲ್ಲಿ ಕಾಣುವುದನ್ನೇ ಎತ್ತರದ ದನಿಯಲ್ಲಿ ಮತ್ತೊಮ್ಮೆ ಹೇಳುವುದು, ಆಟಗಾರನನ್ನು ದೇವರ ಪಟ್ಟಕ್ಕೇರಿಸುವುದು, ಆಯೋಜಕರಿಗೆ ಇರಿಸುಮುರಿಸಾಗುವ ಸಂಗತಿ ಬಂದರೆ ಮಾತು ತೇಲಿಸುವುದು ಈಗ ರೂಢಿಯಾಗಿದೆ. ಆರ್ಲಟ್ ಕೊಟ್ಟ ಮೇಲ್ಪಂಕ್ತಿ ಬೇರೆ. ಕ್ರಿಕೆಟನ್ನು ಪ್ರಾಣದಂತೆ ಪ್ರೀತಿಸಿಯೂ ಅದನ್ನು ಮನುಷ್ಯನಿಗಿಂತ ದೊಡ್ಡದೆಂದು ಅವರು ಎಂದೂ ಎಣಿಸಲಿಲ್ಲ. ಬೌಲರನ ನಡಿಗೆಯನ್ನು ಗುರುತಿಸಿದ ಕಣ್ಣೇ ಚರಂಡಿಗೆ ಬಿದ್ದವನನ್ನೂ ಕಂಡಿತು, ಎರಡಕ್ಕೂ ಒಂದೇ ದನಿಯಲ್ಲಿ ಸಾಕ್ಷಿ ನುಡಿಯಿತು. ಮೈಕ್ ಹಿಡಿಯುವ ನಮ್ಮ ಹುಡುಗ ಹುಡುಗಿಯರು ಅವರ ಹಳೆಯ ಧ್ವನಿಮುದ್ರಿಕೆಗಳನ್ನು ಹುಡುಕಿ ಒಮ್ಮೆ ಕೇಳಲಿ. ಉಚ್ಚಾರವನ್ನಲ್ಲ, ಆ ನಿಷ್ಠುರತೆಯನ್ನು ಕಲಿಯಲಿ.